ನಾಲ್ಕು ಅಡಿ ಹನ್ನೊಂದು ಇಂಚು

ಪುತ್ತೂರಿನ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಕೆಳಗೆ ಇಳಿದರೆ ಅದ್ದುಚ್ಚನ ಚಪ್ಪಲಿ ಅಂಗಡಿ ಸಿಗುತ್ತದೆ. ಕಳೆದ ತಿಂಗಳು ಅಪ್ಪನ ಎಡಗಾಲಿನ ಚಪ್ಪಲಿಯ ಅಟ್ಟೆ ಬಿಟ್ಟುಕೊಂಡಿತೆಂದು ಅದನ್ನು ಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಹೋಗಿದ್ದೆ. ಅದ್ದುಚ್ಚ ಡಬ್ಬಿಯ ಮುಚ್ಚಳ ತೆಗೆದು ರಬ್ಬರಿಗೆ ಅಂಟಿನ ಸೊಲ್ಯೂಷನ್ ಸವರಿದರು. ಆ ವಾಸನೆ ಮೂಗಿಗೆ ಬಡಿಯಿತು. ಹೊರಗೆ ಒಳ್ಳೆಯ ಬಿಸಿಲು. ನಾನು ಮಾತ್ರ ಬೆಂಚಿನ ಮೇಲೆ ಕೂತು ಹೋದ ಒಂದು ಮಳೆಗಾಲವನ್ನು ಮತ್ತೊಮ್ಮೆ ಮೊದಲಿಂದ ಕೊನೆಯವರೆಗೆ ನೆನೆದುಕೊಂಡೆ.

ನಮ್ಮ ಮನೆ ಗುತ್ತಿಗಾರಿನ ಪೇಟೆಯಿಂದ ಒಳಗೆ, ರಸ್ತೆ ಮುಗಿದು ಕಾಡು ಶುರುವಾಗುವಲ್ಲಿ. ಅಪ್ಪ ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್ ಆಗಿದ್ದರು. ನಾನು ಹುಟ್ಟುವ ಮೊದಲೇ ಸೇರಿದವರು, ಖಾಯಂ ಆಗಲೇ ಇಲ್ಲ. ಆನೆ ತೋಟಕ್ಕೆ ಇಳಿಯಿತೆಂದು ಫೋನು ಬಂದರೆ ಪಟಾಕಿ, ಟಾರ್ಚು ಹಿಡಿದು ಓಡುವುದು ಅವರ ಕೆಲಸ. ಆ ಮಳೆಗಾಲಕ್ಕೆ ಮುಂಚಿನ ಚಳಿಗಾಲದಲ್ಲಿ, ಓಡಿಸಲು ಹೋದ ಆನೆ ತಿರುಗಿ ನಿಂತಿತು. ಓಡುವ ಭರದಲ್ಲಿ ಅಪ್ಪ ಕಂದಕಕ್ಕೆ ಬಿದ್ದರು. ತೊಡೆಯ ಎಲುಬು ಎರಡು ಕಡೆ ಮುರಿಯಿತು. ಆಪರೇಷನ್ ಮಾಡಿ ರಾಡ್ ಹಾಕಿದ ಡಾಕ್ಟ್ರು ಕೊನೆಗೆ ಹೇಳಿದ್ದು ಇಷ್ಟು: ನಡೆಯಬಹುದು, ಆದರೆ ಎಡಗಾಲು ಎರಡು ಸೆಂಟಿಮೀಟರ್ ಗಿಡ್ಡ ಆಗಿದೆ. ಕಾಡಿನ ಕೆಲಸ ಇನ್ನು ಬೇಡ.

ಅಪ್ಪ ಮನೆಯಲ್ಲಿ ಕೂತ ಮೇಲೆ ಅಮ್ಮ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗ್‌ಗೆ ಹೋಗತೊಡಗಿದರು. ಬೆಳಕು ಹರಿಯುವ ಮೊದಲೇ ತಲೆಗೆ ಲೈಟು ಕಟ್ಟಿಕೊಂಡು, ಕೈಯಲ್ಲಿ ಕತ್ತಿ ಹಿಡಿದು, ಗುಡ್ಡೆ ಹತ್ತಿ ಒಬ್ಬರೇ ಮರದಿಂದ ಮರಕ್ಕೆ ಹೋಗಬೇಕು. ಅಪ್ಪ ಜಗಲಿಯಲ್ಲಿ ಕೂತು ಆ ಬೆಳಕು ಗುಡ್ಡೆಯಲ್ಲಿ ಅಲ್ಲಾಡುವುದನ್ನೇ ನೋಡುತ್ತಿದ್ದರು. ಅದು ಮರೆಯಾದರೆ ಎದ್ದು ನಿಲ್ಲುತ್ತಿದ್ದರು, ಕಂಡರೆ ಕೂರುತ್ತಿದ್ದರು. ಒಂದು ದಿನ ಅಮ್ಮ ಬಕೆಟ್ ಅಲ್ಲೇ ಬಿಟ್ಟು ಬಂದರು. ಮುಖದಲ್ಲಿ ರಕ್ತ ಇರಲಿಲ್ಲ. ಎರಡು ಸಾಲು ಆಚೆ ಆನೆ ನಿಂತಿತ್ತಂತೆ, ಅದರ ಉಸಿರು ಕೇಳುತ್ತಿತ್ತಂತೆ.

"ನಾಳೆಯಿಂದ ಹೋಗುದಿಲ್ಲ ನಾನು" ಎಂದರು. ಮರುದಿನ ಮತ್ತೆ ಲೈಟು ಕಟ್ಟಿಕೊಂಡು ಹೋದರು.

ನಾನು ಆಗ ಪೇಟೆಯ ಒಂದು ಆನ್‌ಲೈನ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಫಾರೆಸ್ಟ್ ಗಾರ್ಡ್ ಹುದ್ದೆಗೆ ಅರ್ಜಿ ಕರೆದದ್ದು ಮೊದಲು ಕಂಡದ್ದು ನನ್ನ ಕಣ್ಣಿಗೇ. ನನಗೆ ವಯಸ್ಸಿನ ಮಿತಿ ಮುಗಿಯುವ ವರ್ಷ ಅದು. ಗಾರ್ಡ್ ಆದರೆ ಖಾಯಂ ಕೆಲಸ, ಇರಲಿಕ್ಕೆ ಕ್ವಾರ್ಟರ್ಸ್. ಅಮ್ಮ ಕತ್ತಲೆಯಲ್ಲಿ ಗುಡ್ಡೆ ಹತ್ತುವುದು ನಿಲ್ಲುತ್ತದೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು.

ಹೆಂಗಸರಿಗೆ ಎತ್ತರ ನೂರ ಐವತ್ತು ಸೆಂಟಿಮೀಟರ್ ಬೇಕೆಂದಿತ್ತು. ನಮ್ಮಲ್ಲಿ ಬಾವಿಯ ಆಳ, ಬಾಗಿಲಿನ ಅಗಲ, ಹುಡುಗಿಯ ಎತ್ತರ ಎಲ್ಲವೂ ಅಡಿ ಇಂಚಿನಲ್ಲೇ. ನನ್ನದು ನಾಲ್ಕು ಅಡಿ ಹನ್ನೊಂದು ಇಂಚು ಎಂದು ಮದುವೆಗೆ ನೋಡಲು ಶುರುಮಾಡಿದಾಗ ಅಮ್ಮ ಅಳೆಸಿದ್ದರು. ಮೊಬೈಲಿನಲ್ಲಿ ನೂರ ಐವತ್ತು ಸೆಂಟಿಮೀಟರನ್ನು ಅಡಿಗೆ ಬದಲಾಯಿಸಿ ನೋಡಿದೆ. ನಾಲ್ಕು ಪಾಯಿಂಟ್ ಒಂಬತ್ತು ಎರಡು ಎಂದು ಬಂತು. ನಾಲ್ಕು ಅಡಿ ಒಂಬತ್ತು ಇಂಚು, ಮೇಲೆ ಚೂರು. ಎರಡು ಇಂಚು ಧಾರಾಳ ಉಳಿಯಿತಲ್ಲ ಎಂದು ಖುಷಿಯಾಯಿತು. ಅರ್ಜಿ ಹಾಕಿದ ಹುಡುಗಿಯರ ವಾಟ್ಸಾಪ್ ಗುಂಪಿನಲ್ಲೂ ಎಲ್ಲರೂ ಹಾಗೆಯೇ ಓದಿದ್ದರು. ಅಡಿಗೆ ಹನ್ನೆರಡು ಇಂಚು, ಪಾಯಿಂಟಿನ ಆಚೆಗಿನ ಅಂಕಿ ಹತ್ತರ ಲೆಕ್ಕದ್ದು, ಅದು ಇಂಚಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಜೂನ್ ತಿಂಗಳಿಡೀ ಶಾಲೆಯ ಮೈದಾನದಲ್ಲಿ ಓಡಿದೆ. ಕೆಸರಿನಲ್ಲಿ ಉದ್ದಜಿಗಿತ, ಗುಂಡು ಎಸೆತ. ಅಪ್ಪ ಕೊಡೆ ಹಿಡಿದು, ಊರುಗೋಲು ಮಡಿಲಲ್ಲಿಟ್ಟು, ಕಟ್ಟೆಯ ಮೇಲೆ ಕೂತು ನನಗೆ ಸಮಯ ಹಿಡಿಯುತ್ತಿದ್ದರು. ಮುರಿದ ಕಾಲಿನ ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದ ಮನುಷ್ಯ ಆ ತಿಂಗಳು ಮೊದಲ ಸಲ ದೊಡ್ಡ ಸ್ವರದಲ್ಲಿ ಮಾತಾಡಿದ್ದು.

"ಓಡು ಮಗಾ! ಆನೆ ಹಿಂದೆ ಉಂಟು ಅಂತ ಎಣಿಸಿ ಓಡು!"

ಜುಲೈಯಲ್ಲಿ ಅಪ್ಪನ ಕಾಲು ತೋರಿಸಲು ಪುತ್ತೂರಿನ ಒಂದು ಆಸ್ಪತ್ರೆಗೆ ಹೋದೆವು. ಡಾಕ್ಟ್ರು ಎಡಗಾಲಿಗೆ ಎರಡು ಸೆಂಟಿಮೀಟರ್ ಎತ್ತರಿಸಿದ ಚಪ್ಪಲಿ ಮಾಡಿಸಿಕೊಳ್ಳಲು ಹೇಳಿದರು. ಅಪ್ಪನ ಸರದಿ ಕಾಯುವಾಗ ಗೋಡೆಯ ಬದಿಯಲ್ಲಿ ಎತ್ತರ ಅಳೆಯುವ ಕಂಬ ಕಂಡಿತು. ತಮಾಷೆಗೆಂದು ಚಪ್ಪಲಿ ಬಿಟ್ಟು ನಿಂತೆ. ಅಲ್ಲಿದ್ದ ನರ್ಸ್ ನಗುತ್ತಾ ಬಂದು ತಲೆಯ ಮೇಲೆ ಪಟ್ಟಿ ಇಳಿಸಿದರು.

"ನೂರ ನಲವತ್ತೊಂಬತ್ತೂವರೆ."

"ಸಾಕಲ್ವಾ ಸಿಸ್ಟರ್? ಗಾರ್ಡ್ ಪರೀಕ್ಷೆಗೆ ನಾಲ್ಕು ಒಂಬತ್ತು ಇದ್ರೆ ಆಯ್ತು."

"ಎಷ್ಟು ಸೆಂಟಿಮೀಟರ್ ಕೇಳಿದ್ದಾರೆ?"

"ನೂರ ಐವತ್ತು."

ಅವರು ನನ್ನ ಭುಜ ಹಿಡಿದು ಕಂಬದ ಕಡೆಗೆ ತಿರುಗಿಸಿದರು. ಕಂಬದ ಒಂದು ಬದಿಗೆ ಸೆಂಟಿಮೀಟರ್, ಇನ್ನೊಂದು ಬದಿಗೆ ಅಡಿ ಇಂಚು. ನೂರ ಐವತ್ತರ ಗೆರೆಯ ಎದುರಿಗೆ ನಾಲ್ಕು ಅಡಿ ಒಂಬತ್ತಿರಲಿಲ್ಲ. ನಾಲ್ಕು ಅಡಿ ಹನ್ನೊಂದರ ಗೆರೆ ಇತ್ತು. ಅದೂ ಕೂದಲೆಳೆಯಷ್ಟು ಕೆಳಗೆ.

"ನಾನು ನಾಲ್ಕು ಹನ್ನೊಂದೇ ಇದ್ದೇನಲ್ಲ" ಎಂದೆ.

"ಬಾಯಲ್ಲಿ ಹೇಳುವಾಗ ಹನ್ನೊಂದೇ. ಆದ್ರೆ ಸರಿಯಾದ ನಾಲ್ಕು ಹನ್ನೊಂದು ಇದ್ರೂ ನೂರ ಐವತ್ತಾಗುದಿಲ್ಲ ನೋಡು. ಒಂದೂವರೆ ಮಿಲಿಮೀಟರ್ ಕಡಿಮೆಯಾಗ್ತದೆ. ನಿನ್ನದು ಅದಕ್ಕಿಂತಲೂ ಸ್ವಲ್ಪ ಕೆಳಗೆ ಉಂಟು. ಅರ್ಧ ಸೆಂಟಿಮೀಟರ್ ಬೇಕು ನಿಂಗೆ."

ಅಪ್ಪ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಲ್ಲಿಂದ ಎದ್ದು ನಾವು ಚಪ್ಪಲಿ ಮಾಡಿಸಲು ಹೋದದ್ದೇ ಅದ್ದುಚ್ಚನ ಅಂಗಡಿಗೆ.

ಅದ್ದುಚ್ಚ ಅಪ್ಪನ ಪ್ರಾಯದವರು. ಬಿಳಿ ಗಡ್ಡ, ತಲೆಗೆ ಟೊಪ್ಪಿ, ಮೊಣಕಾಲ ಮೇಲೆ ಒಂದು ಹಳೆ ಟವೆಲು. ಕೆಲವು ವರ್ಷ ಕೊಲ್ಲಿ ದೇಶದ ದಮಾಮಿನಲ್ಲಿದ್ದು ಬಂದು ಈ ಅಂಗಡಿ ಹಾಕಿದ್ದರು. ಡಾಕ್ಟ್ರ ಚೀಟಿ ನೋಡಿ, ಎರಡು ಸೆಂಟಿಮೀಟರ್ ಅಂದರೆ ಮುಕ್ಕಾಲು ಇಂಚು, ಮೇಲೆ ಒಂದು ತೆಳು ಚರ್ಮ ಎಂದು ಲೆಕ್ಕ ಹಾಕಿದರು. ರಬ್ಬರ್ ಕತ್ತರಿಸಿ, ಸೊಲ್ಯೂಷನ್ ಸವರಿ, ಒತ್ತಿ, ಅಪ್ಪನನ್ನು ನಡೆಸಿ ನೋಡಿ, ಬಿಚ್ಚಿ, ಮತ್ತೆ ಅಂಟಿಸಿದರು. ಅಪ್ಪ ಅಂಗಡಿಯೊಳಗೆ ಎರಡು ಸುತ್ತು ನಡೆದರು. ಅಷ್ಟು ತಿಂಗಳ ಮೇಲೆ ಅವರ ಸೊಂಟ ವಾಲದೆ ನೆಟ್ಟಗೆ ನಿಂತದ್ದನ್ನು ಕಂಡೆ.

ಆಗ ಅಪ್ಪ ಒಂದು ಮಾತು ಕೇಳಿದರು. ಅದನ್ನು ಕೇಳುವಾಗ ನನ್ನ ಕಡೆ ನೋಡಲಿಲ್ಲ.

"ಅದ್ದುಚ್ಚ, ಹೀಗೇ ತೆಳು ಮಾಡಿ, ಕಾಲಿನ ಅಡಿಗೇ ಅಂಟಿಸುವ ಹಾಗೆ ಮಾಡ್ಲಿಕ್ಕೆ ಆಗ್ತದಾ? ಚರ್ಮದ್ದೇ ಬಣ್ಣ ಬೇಕು. ಯಾರಿಗೂ ಕಾಣಬಾರದು. ಅರ್ಧ ಸೆಂಟಿಮೀಟರ್ ಸಾಕು. ನಂಗಲ್ಲ. ಇವಳಿಗೆ."

ಅದ್ದುಚ್ಚ ಕೈಯಲ್ಲಿದ್ದ ಬ್ರಷ್ಷನ್ನು ಡಬ್ಬಿಯೊಳಗೆ ಇಟ್ಟರು. ಅಪ್ಪ ಎಲ್ಲವನ್ನೂ ಹೇಳಿದರು. ಪರೀಕ್ಷೆ, ವಯಸ್ಸು, ಅಮ್ಮ, ಗುಡ್ಡೆ, ಆನೆ. ಕಾಡಿನಿಂದ ಒಂದು ತುಂಡು ಸೌದೆಯನ್ನೂ ಕದ್ದು ತಂದವರಲ್ಲ ನನ್ನ ಅಪ್ಪ. ಕೈ ಮುಗಿಯುವುದೊಂದು ಬಾಕಿ ಇತ್ತು. ನನಗೆ ಅಲ್ಲಿಂದ ಓಡಿಹೋಗೋಣ ಎನಿಸಿತು. ಆದರೆ ಮನಸ್ಸಿನ ಇನ್ನೊಂದು ಮೂಲೆ, ಅದ್ದುಚ್ಚ ಆಗಲಿ ಅನ್ನಲಿ, ಆಗಲಿ ಅನ್ನಲಿ ಎಂದು ಕಾಯುತ್ತಿತ್ತು.

ಅದ್ದುಚ್ಚ ಹೇಳಿದರು: "ಮಾರಾಯ್ರೆ, ನಿಮ್ಮ ಕಾಲಿಗೆ ಏರಿಸಿದ್ದು ನೀವು ನಡೀಲಿಕ್ಕೆ. ಇದನ್ನು ಅಂಟಿಸಿದ್ರೆ ಈ ಹುಡುಗಿಗೆ ಮುಂದೆ ನಡೀಲಿಕ್ಕೆ ದಾರಿಯೇ ಇರುದಿಲ್ಲ. ಸಿಕ್ಕಿಬಿದ್ರೆ ಮತ್ತೆ ಯಾವ ಪರೀಕ್ಷೆಗೂ ಕೂರಿಸುದಿಲ್ಲ ಅವಳನ್ನು. ನನ್ನಿಂದ ಆಗುದಿಲ್ಲ, ಕೋಪ ಮಾಡಬೇಡಿ."

ಅಪ್ಪನ ಮುಖ ಬೆಂದ ಹಾಗೆ ಕೆಂಪಾಯಿತು. ಹೊಸ ಚಪ್ಪಲಿಯಲ್ಲೇ ಎದ್ದು ಹೊರಟರು. ಓಣಿಯ ತಿರುವಿನವರೆಗೆ ಅದ್ದುಚ್ಚ ಹಿಂದೆಯೇ ಬಂದರು, ಮಳೆಯಲ್ಲಿ ಕೊಡೆಯಿಲ್ಲದೆ.

"ನಿಲ್ಲಿ ಮಾರಾಯ್ರೆ. ನನ್ನ ಭಾವನ ಮಗ ಪೊಲೀಸಿಗೆ ಹೋಗುವಾಗ ಹೇಳಿದ್ದ, ಮಲಗಿ ಎದ್ದ ಕೂಡ್ಲೆ ಮನುಷ್ಯ ಸ್ವಲ್ಪ ಉದ್ದ ಇರ್ತಾನಂತೆ. ನಿಂತು ನಡೆದು ಆಗುವಾಗ ಕುಗ್ಗುದು. ನನ್ನದೊಂದು ಓಮ್ನಿ ಉಂಟು. ಹಿಂದಿನ ಸೀಟು ತೆಗೆದು ಹಾಸಿಗೆ ಹಾಕುವ. ಮನೆಯಿಂದ ಮಂಗಳೂರಿಗೆ ಇವಳನ್ನು ಮಲಗಿಸಿಯೇ ತಗೊಂಡು ಹೋಗುವ. ಅದ್ರಲ್ಲಿ ಮೋಸ ಎಂತದೂ ಇಲ್ಲ."

ಪರೀಕ್ಷೆಗೆ ಇನ್ನೂ ಒಂದು ತಿಂಗಳಿತ್ತು. ಆ ಒಂದು ತಿಂಗಳು ನಾವು ಮೂವರೂ ಹುಚ್ಚರ ಹಾಗೆ ಇದ್ದೆವು. ನಾನು ಹಲಸಿನ ಕೊಂಬೆಗೆ ನೇತಾಡಿದೆ, ಅಂಗೈ ಸುಲಿದು ಹೋಗುವವರೆಗೆ. ಹಾಸಿಗೆ ಬಿಟ್ಟು ನೆಲದ ಮೇಲೆ ಮಲಗಿದೆ. ಬೆನ್ನಿಗೆ ಅಮ್ಮ ಎಣ್ಣೆ ಹಾಕಿ ತಿಕ್ಕಿದರು. ಯಾರೋ ಹೇಳಿದರೆಂದು ಅಪ್ಪ ನನ್ನ ಕಂಕುಳಿಗೆ ಕೈ ಹಾಕಿ ಹಿಡಿದುಕೊಳ್ಳುವುದು, ಅಮ್ಮ ಪಾದ ಹಿಡಿದು ಎಳೆಯುವುದು. ಒಂದು ಸಲ ಹಾಗೆ ಎಳೆಯುವಾಗ ಅಮ್ಮನಿಗೆ ನಗು ಬಂತು, ನನಗೂ ಬಂತು. ನಗುತ್ತಾ ನಗುತ್ತಾ ಅಮ್ಮ ನನ್ನ ಪಾದವನ್ನು ಮಡಿಲಲ್ಲಿಟ್ಟುಕೊಂಡೇ ಅಳತೊಡಗಿದರು.

"ಹೆತ್ತದ್ದೇ ಗಿಡ್ಡ ಹೆತ್ತೆ ನಾನು" ಎಂದರು.

ಅಪ್ಪ ಆಚೆ ಮುಖ ಮಾಡಿ ಹೇಳಿದರು: "ನನ್ನದು ಎರಡು ಸೆಂಟಿಮೀಟರ್ ಸುಮ್ಮನೆ ಹೋಯ್ತು. ಅದ್ರಲ್ಲಿ ಚೂರು ಇವಳಿಗೆ ಕೊಡ್ಲಿಕ್ಕೆ ಆಗ್ತಿದ್ರೆ ಸಾಕಿತ್ತು."

ಬಚ್ಚಲ ಒಲೆಗೆ ಬೆಂಕಿ ಹಾಕಲೆಂದು ಅಮ್ಮ ಎದ್ದು ಹೋದರು.

ಅಳತೆಯ ಹುಚ್ಚು ನನ್ನ ತಲೆಗೆ ಎಷ್ಟು ಏರಿತ್ತೆಂದರೆ ಕಂಡದ್ದನ್ನೆಲ್ಲ ಇಂಚಿನಿಂದ ಸೆಂಟಿಮೀಟರಿಗೆ, ಸೆಂಟಿಮೀಟರಿನಿಂದ ಇಂಚಿಗೆ ತಿರುಗಿಸುತ್ತಿದ್ದೆ. ಎರಡು ಪಾಯಿಂಟ್ ಐದು ನಾಲ್ಕು, ಎರಡು ಪಾಯಿಂಟ್ ಐದು ನಾಲ್ಕು ಎಂದು ಓಡುವಾಗಲೂ ಬಾಯಲ್ಲಿ ಅದೇ. ಯಾವುದಾದರೊಂದು ದಾರಿಯಲ್ಲಿ ಲೆಕ್ಕ ಹಾಕಿದರೆ ಆ ಅರ್ಧ ಸೆಂಟಿಮೀಟರ್ ಎಲ್ಲಿಯಾದರೂ ಸಿಕ್ಕೀತು ಎಂದು ಆಸೆ. ಸಂಜೆ ಅಳೆದರೆ ನೂರ ನಲವತ್ತೊಂಬತ್ತು, ಬೆಳಿಗ್ಗೆ ಅಳೆದರೆ ನೂರ ಐವತ್ತರ ಗೆರೆಗೆ ತಾಗಿದ ಹಾಗೆ. ನನ್ನ ಮೈ ದಿನಾ ಬೆಳೆದು ದಿನಾ ಕುಗ್ಗುತ್ತಿತ್ತು.

ಪರೀಕ್ಷೆಯ ಹಿಂದಿನ ಸಂಜೆಯೇ ಅದ್ದುಚ್ಚ ಓಮ್ನಿ ತಂದು ನಮ್ಮಲ್ಲಿ ಉಳಿದರು. ಬೆಳಗಿನ ಜಾವ ನಾನು ಚಾಪೆಯಿಂದ ಎದ್ದ ಕೂಡಲೇ ಅಪ್ಪ ಗೋಡೆಗೆ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಇಟ್ಟು ಅಳೆದರು. ನೂರ ಐವತ್ತರ ಗೆರೆ ದಾಟಿತ್ತು. ಒಂದು ಮಿಲಿಮೀಟರ್ ಇರಬಹುದು. ಅಪ್ಪ ಇನ್ನೊಮ್ಮೆ ಅಳೆಯಲಿಲ್ಲ. ಇದ್ದದ್ದು ಹೋದೀತು ಎಂಬ ಹೆದರಿಕೆ. ನಾನು ಅಲ್ಲಿಂದ ನಾಲ್ಕು ಹೆಜ್ಜೆ ನಡೆದು ಓಮ್ನಿಯಲ್ಲಿ ಮಲಗಿದೆ.

ಮಲಗಿದವಳಿಗೆ ಕಾಣುವುದು ವಾಹನದ ಮಾಡು, ಕಿಟಕಿಯ ಮೇಲಿನ ಅಂಚಿನಲ್ಲಿ ಮರದ ತುದಿ, ಮಳೆಯ ನೀರು. ದಾರಿ ಗೊತ್ತಾಗುತ್ತಿದ್ದದ್ದು ಮುಂದೆ ಕೂತಿದ್ದ ಅಪ್ಪನ ಸ್ವರದಿಂದ. "ಪಂಜ ಬಂತು." "ಕಡಬ ದಾಟಿತು ಮಗಾ." "ಇದು ರಾಮಕುಂಜದ ದಾರಿ, ಇನ್ನು ಉಪ್ಪಿನಂಗಡಿ." ಹೊಂಡ ಸಿಕ್ಕಿದಾಗಲೆಲ್ಲ ಅದ್ದುಚ್ಚ ಬ್ರೇಕು ಒತ್ತಿ, ಮೊಟ್ಟೆಯ ಬುಟ್ಟಿ ಇಟ್ಟುಕೊಂಡ ಹಾಗೆ ಇಳಿಸುತ್ತಿದ್ದರು. "ಬೆನ್ನಿಗೆ ಬಿತ್ತಾ?" ಎಂದು ಕೇಳುತ್ತಿದ್ದರು. ಹೊಟ್ಟೆಗೆ ಏನೂ ತಿಂದಿರಲಿಲ್ಲ. ಉಸಿರನ್ನು ಸಹ ಜೋರಾಗಿ ಬಿಡಲು ಹೆದರಿಕೆ.

ಮೈದಾನದ ಗೇಟಿನಲ್ಲಿ ಇಳಿದಾಗ ಮಳೆ ಹೊಯ್ಯುತ್ತಿತ್ತು. ಅಳತೆಯ ಯಂತ್ರಕ್ಕೆ ಕರೆಂಟು ಇಲ್ಲ, ಜನರೇಟರ್ ಬರಬೇಕು ಎಂದರು. ಶೀಟಿನ ಮಾಡಿನ ಕೆಳಗೆ ಸಾಲಾಗಿ ನಿಲ್ಲಿಸಿದರು. ಕೂತರೂ ಕುಗ್ಗುತ್ತೇನೆ, ನಿಂತರೂ ಕುಗ್ಗುತ್ತೇನೆ. ಒದ್ದೆ ಸಿಮೆಂಟಿನ ಮೇಲೆ ಮಲಗಿದೆ. ಮಲಗಿದ್ದು ನಾನೊಬ್ಬಳೇ ಅಲ್ಲ. ಸಾಲಿನ ಉದ್ದಕ್ಕೂ ಗಿಡ್ಡ ಹುಡುಗಿಯರು ಹೆಣಗಳ ಹಾಗೆ ಅಂಗಾತ ಬಿದ್ದಿದ್ದರು. ಕಾವಲಿನವನು ಬಂದು, "ಏಳಿ, ಏಳಿ, ಇದು ಆಸ್ಪತ್ರೆಯಾ?" ಎಂದು ಎಬ್ಬಿಸಿದ. ಮತ್ತೆ ನಿಂತೆವು. ನಿಂತೇ ಇದ್ದೆವು. ನನ್ನ ಮುಂದಿದ್ದವಳು ಜಡೆಯೊಳಗೆ ಏನೋ ಗಟ್ಟಿ ಮಾಡಿ ಕಟ್ಟಿದ್ದಳೆಂದು ಹೆಸರು ಹೊಡೆದುಹಾಕಿ ಹೊರಗೆ ಕಳಿಸಿದರು. ಬಿಚ್ಚಿದ ಕೂದಲಲ್ಲೇ ಅವಳು ಗೇಟಿನ ಕಡೆಗೆ ಓಡಿದಳು.

ನನ್ನ ಸರದಿ ಬರುವಾಗ ಮಧ್ಯಾಹ್ನ ಕಳೆದಿತ್ತು. ಕಾಲು ಜೋಡಿಸಿ, ಹಿಮ್ಮಡಿ ಒತ್ತಿ, ಬೆನ್ನಿನ ಒಂದೊಂದು ಮಣಿಯನ್ನೂ ಮೇಲಕ್ಕೆ ಎಳೆದು ನಿಂತೆ. ಯಂತ್ರ ತಲೆಗೆ ತಾಗಿತು. ಕೆಂಪು ಅಂಕಿ ಬಂತು. ನೂರ ನಲವತ್ತೊಂಬತ್ತು ಪಾಯಿಂಟ್ ಏಳು.

"ಇನ್ನೊಮ್ಮೆ ನೋಡಿ ಸರ್" ಎಂದೆ. ಮರು ಅಳತೆಗೆ ಅವಕಾಶ ಇತ್ತು. ಒಬ್ಬ ಮಹಿಳಾ ಅಧಿಕಾರಿ ಬಂದು ಎದುರಿಗೇ ಅಳೆಸಿದರು. ಈ ಸಲ ಪಾಯಿಂಟ್ ಆರು.

"ಮೇಡಂ, ನಾನು ನಾಲ್ಕು ಹನ್ನೊಂದು ಇದ್ದೇನೆ. ಯಾರು ಅಳೆದ್ರೂ ನಾಲ್ಕು ಹನ್ನೊಂದೇ ಹೇಳುದು. ನೂರ ಐವತ್ತು ಅಂದ್ರೂ ನಾಲ್ಕು ಹನ್ನೊಂದೇ ಅಲ್ವಾ? ಎಲ್ಲರೂ ಹಾಗೇ ಹೇಳುದಲ್ವಾ?"

ಅವರು ನನ್ನನ್ನು ಗದರಿಸಲಿಲ್ಲ. ಗದರಿಸಿದ್ದರೆ ಸುಲಭವಿತ್ತು.

"ಎಲ್ಲಿಂದ ಬಂದದ್ದಮ್ಮಾ?"

"ಗುತ್ತಿಗಾರು."

"ಇಲ್ಲಿ ಅಡಿ ಇಂಚು ಇಲ್ಲ. ಸೆಂಟಿಮೀಟರ್ ಒಂದೇ. ನಾಲ್ಕೇ ಮಿಲಿಮೀಟರ್ ಕಡಿಮೆ ಅಂತ ನಂಗೂ ಕಾಣ್ತದೆ. ನಿನ್ನನ್ನು ಒಳಗೆ ಬಿಟ್ರೆ ಮೂರು ಮಿಲಿಮೀಟರಿಗೆ ಹೊರಗೆ ಹೋದವಳಿಗೆ ನಾನು ಎಂತ ಹೇಳ್ಲಿ?"

ಓಡುವ ಟ್ರ್ಯಾಕು ಅಲ್ಲೇ ಎದುರಿಗಿತ್ತು. ಹುಡುಗಿಯರು ಕೆಸರಿನಲ್ಲಿ ಓಡುತ್ತಿದ್ದರು. ನಾನು ಅವರಲ್ಲಿ ಬಹಳ ಮಂದಿಗಿಂತ ಬೇಗ ಓಡುತ್ತಿದ್ದೆ. ಯಾರೂ ಅದನ್ನು ನೋಡಲಿಲ್ಲ.

ಗೇಟಿನ ಹೊರಗೆ ಅಪ್ಪ, ಅದ್ದುಚ್ಚ ಒಂದೇ ಕೊಡೆಯ ಕೆಳಗೆ ನಿಂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಅದ್ದುಚ್ಚ ಓಮ್ನಿಯ ಹಿಂದಿನ ಬಾಗಿಲು ತೆಗೆದರು. ಆಮೇಲೆ ನೆನಪಾಗಿ ಮುಚ್ಚಿದರು. ನಾನು ಇನ್ನು ಮಲಗುವ ಅಗತ್ಯ ಇರಲಿಲ್ಲ. ಹಿಂದೆ ಹಾಸಿಗೆಯ ಮೇಲೆ ಮೊಣಕಾಲು ಮಡಚಿ ಕೂತು ಊರಿಗೆ ಬಂದೆ. ಕಡಬದಲ್ಲಿ ಅದ್ದುಚ್ಚ ಚಾ ತಂದು ಕೊಟ್ಟರು. ಗ್ಲಾಸು ಕೈಯಲ್ಲಿ ತಣ್ಣಗಾಯಿತು. ಅಪ್ಪ ಒಮ್ಮೆ ಮಾತ್ರ ಹಿಂದೆ ತಿರುಗಿ, "ಆನೆಗೆ ನಿನ್ನ ಎತ್ತರ ಗೊತ್ತಿರುದಿಲ್ಲ ಮಗಾ" ಎಂದರು. ಸಮಾಧಾನಕ್ಕೆ ಹೇಳಿದ್ದು. ಅದು ಸಮಾಧಾನ ಆಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

ಆ ಮಳೆಗಾಲ ಮುಗಿದರೂ ನಾನು ಮೊದಲಿನವಳಾಗಲಿಲ್ಲ. ಸೆಂಟರಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಅಮ್ಮನ ತಲೆಯ ಬೆಳಕು ಗುಡ್ಡೆಯಲ್ಲಿ ಹೋಗುವುದನ್ನು ಈಗ ಅಪ್ಪನ ಪಕ್ಕ ನಾನೂ ಕೂತು ನೋಡುತ್ತಿದ್ದೆ.

ಮರುವರ್ಷ ಆನೆಗಳ ಕಾಟ ಹೆಚ್ಚಾಯಿತು. ಜಾಡು ನೋಡಿ ಊರಿನವರಿಗೆ ಎಚ್ಚರಿಕೆ ಕೊಡಲು ದಿನಗೂಲಿಗೆ ಜನ ಬೇಕೆಂದು ಅಪ್ಪನ ಹಳೆಯ ಜೊತೆಗಾರರು ಮನೆಗೆ ಬಂದರು. ಕಾಡಿನ ದಾರಿ ಗೊತ್ತಿದ್ದವರು, ಓಡಲಿಕ್ಕೆ ಆಗುವವರು ಸಾಕು ಎಂದರು. ನಾನು ಬರುತ್ತೇನೆ ಎಂದೆ. ಹೆಸರು ಬರೆದುಕೊಂಡರು. ಎತ್ತರ ಯಾರೂ ಕೇಳಲಿಲ್ಲ. ಅಪ್ಪ ಜಗಲಿಯಿಂದ ಎದ್ದು ಒಳಗೆ ಹೋದವರು ಆ ದಿನ ಊಟಕ್ಕೆ ಹೊರಗೆ ಬರಲಿಲ್ಲ. ಮರುದಿನ ನಾನು ಹೊರಡುವಾಗ, ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆ ತೆಗೆದು ಎರಡರಿಂದ ಗುಣಿಸಿದರೆ ಅದರ ಭುಜದ ಎತ್ತರ ಸಿಗುತ್ತದೆ ಎಂದು ಹೇಳಿಕೊಟ್ಟರು.

ಕೆಲಸಕ್ಕೆ ಸೇರಿದ ವಾರದಲ್ಲೇ, ಮಳೆ ಬಿಟ್ಟ ಒಂದು ಬೆಳಿಗ್ಗೆ, ಕಾಡಿನಂಚಿನ ಒಂದು ಮನೆಯ ಹಿತ್ತಿಲಿನಲ್ಲಿ ಮೊಣಕಾಲೂರಿ ಕೂತು ಕೆಸರಿನಲ್ಲಿದ್ದ ಹೆಜ್ಜೆಯ ಸುತ್ತ ಟೇಪು ಹಿಡಿದೆ. ನೂರ ಮೂವತ್ತೇಳು ಸೆಂಟಿಮೀಟರ್. ಎರಡರಿಂದ ಗುಣಿಸಿ ಆಫೀಸಿಗೆ ಫೋನಿನಲ್ಲಿ ಹೇಳಿದೆ. ಜಗಲಿಯಲ್ಲಿ ಮೊಮ್ಮಗುವನ್ನು ಎತ್ತಿಕೊಂಡು ನಿಂತಿದ್ದ ಅಜ್ಜಿ ಕೇಳಿದರು:

"ಸೆಂಟಿಮೀಟರ್ ಎಲ್ಲ ನಂಗೆ ಗೊತ್ತಾಗುದಿಲ್ಲ ಮಗಳೇ. ಅಡಿಯಲ್ಲಿ ಹೇಳು. ಎಷ್ಟು ಎತ್ತರ ಉಂಟು ಅದು?"

ಮನಸ್ಸಿನಲ್ಲೇ ಲೆಕ್ಕ ಮಾಡಿದೆ. ಪಾಯಿಂಟಿನ ಆಚೆಗಿನದನ್ನು ಹನ್ನೆರಡರಿಂದ ಗುಣಿಸಿದೆ.

"ಒಂಬತ್ತು ಅಡಿ ಅಜ್ಜಿ."

"ಅಯ್ಯೋ ದೇವರೇ! ಹೋಯ್ತಲ್ಲ, ಹೋಯ್ತಾ ಅದು?"

ನಾನು ಹೆಜ್ಜೆಯ ಗುಳಿಯನ್ನು ನೋಡಿದೆ. ಸುತ್ತಲಿನ ಕೆಸರಿನಿಂದ ನೀರು ಅದರೊಳಗೆ ಈಗಷ್ಟೇ ಒಸರತೊಡಗಿತ್ತು. ತಳ ಇನ್ನೂ ತುಂಬಿರಲಿಲ್ಲ.

"ಇಲ್ಲ ಅಜ್ಜಿ" ಎಂದೆ, ಸ್ವರ ಎತ್ತದೆ. "ಇಲ್ಲೇ ಹತ್ತಿರ ಉಂಟು. ಮಗುವನ್ನು ಕರ್ಕೊಂಡು ಒಳಗೆ ಹೋಗಿ. ಬಾಗಿಲು ಹಾಕ್ಕೊಳ್ಳಿ."